ನನ್ನ ಸಿಟ್ಟಿನ ರಕ್ತಪರೀಕ್ಷೆ

ಸಿಟ್ಟು ಮಾಡುವುದೇನೋ ಸುಲಭ. ಅದಾದ ಮೇಲೆ ಅದೇ ಮನೆಯಲ್ಲಿ ಊಟಕ್ಕೆ ಕೂರುವುದಿದೆಯಲ್ಲ, ಅದು ಕಷ್ಟ. ನಾನು ಉಡುಪಿಯಿಂದ ಕಾರ್ಕಳಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಕಾಲೇಜಿನಲ್ಲಿ ಗಣಿತ ಕಲಿಸುವವನು. ಕಂಡಕ್ಟರನಿಂದ ಹಿಡಿದು ಪ್ರಾಂಶುಪಾಲರವರೆಗೆ ನಾನು ಜಗಳವಾಡದೆ ಬಿಟ್ಟವರು ಕಡಿಮೆ. ನನ್ನ ಬಾಯಿಗೆ ಎಂದೂ ಬಾರದ ಮಾತೆಂದರೆ 'ತಪ್ಪಾಯಿತು' ಎಂಬುದೊಂದೇ.

ಕಳೆದ ವರ್ಷ ಅದನ್ನು ಹೇಳಲೇಬೇಕಾದ ಪ್ರಸಂಗ ಬಂತು. ನಮ್ಮಲ್ಲಿ ಚಾತುರ್ಮಾಸ್ಯದ ನಾಲ್ಕು ತಿಂಗಳೂ ಒಂದೊಂದು ಪದಾರ್ಥ ನಿಷಿದ್ಧ. ಅದು ಕ್ಷೀರವ್ರತದ ತಿಂಗಳು, ಹಾಲು ಇಲ್ಲ. ಅಮ್ಮನ ವ್ರತವೆಂದರೆ ಇಡೀ ಮನೆಯ ವ್ರತ. ಹಾಲಿಲ್ಲದ ಕಾಫಿ ಕುಡಿದು ಕುಡಿದು ಕೆರಳಿದ್ದ ನಾನು, ಕಾಪುವಿನಿಂದ ಊಟಕ್ಕೆ ಬಂದಿದ್ದ ಭಾವನ ಎದುರಿಗೇ, ಅವರ ತಂಗಿ, ಅಂದರೆ ನನ್ನ ಹೆಂಡತಿ ಸುಮನಾ ಮಾಡಿದ ಸೌತೆಕಾಯಿ ಸಾಂಬಾರಿನಲ್ಲಿ ಕಾಲು ತೊಳೆಯಬಹುದು ಎಂದುಬಿಟ್ಟೆ. ಭಾವ ಅರ್ಧ ಊಟದಲ್ಲಿ ಎದ್ದರು. ಸುಮನಾ ಮಾತು ಬಿಟ್ಟಳು. ನನಗೆ ನಿಜಕ್ಕೂ ಸಂಕಟವಾಯಿತು. ಜಗಳಕ್ಕಾದರೂ ಅವಳು ಬೇಕಲ್ಲ!

ಮೂರನೆಯ ದಿನ, ಕಾಲು ಜುಮ್ಮೆನ್ನುತ್ತದೆಂದು ಮಣಿಪಾಲದ ಡಾಕ್ಟರರಲ್ಲಿಗೆ ಹೋದೆ. ರಕ್ತದ ವರದಿ ನೋಡಿ ಅವರು, "ಬಿ-ಟ್ವೆಲ್ವ್ ತುಂಬಾ ಕಡಿಮೆ ಉಂಟು. ಸುಸ್ತು, ಬೇಸರ, ಸಿಡುಕು ಇದರಿಂದಲೂ ಬರಬಹುದು. ಸಸ್ಯಾಹಾರಿಗಳಲ್ವಾ? ಮಾತ್ರೆ ಕೊಡ್ತೇನೆ, ಹಾಲು ಮೊಸರು ಸರಿಯಾಗಿ ತಗೊಳ್ಳಿ" ಎಂದರು. ಆ 'ಬರಬಹುದು' ಎಂಬ ಪದವನ್ನು ನಾನು ಮಣಿಪಾಲದಲ್ಲೇ ಬಿಟ್ಟು ಬಂದೆ.

"ನೋಡು, ಅವತ್ತು ಮಾತಾಡಿದ್ದು ನಾನಲ್ಲ, ಇದು" ಎಂದು ಸುಮನಾಳ ಕೈಗೆ ವರದಿ ಕೊಟ್ಟೆ. ಎರಡು ಸಲ ಓದಿ, "ಛೆ, ಪಾಪ" ಎಂದಳು. ಕ್ಷಮೆ ಕೇಳದೆಯೇ ಮಾತು ಮರಳಿತು. ಅಮ್ಮ ಮಾತ್ರ, "ಕ್ಷೀರವ್ರತದಲ್ಲಿ ಹಾಲಾ? ಆ ಡಾಕ್ಟರಿಗೆ ಎಂತ ಗೊತ್ತುಂಟು?" ಎಂದು ಮಾತ್ರೆಯ ಪೊಟ್ಟಣವನ್ನು ನನ್ನಿಂದಲೇ ಓದಿಸಿದಳು. ಅದರಲ್ಲೂ ಹಾಲಿನ ಸಕ್ಕರೆ ಇರಬೇಕೇ! ಕೊನೆಗೆ ಇಂಜೆಕ್ಷನ್ನಿಗೆ ಒಪ್ಪಿಗೆ ಸಿಕ್ಕಿತು. "ಅದು ಬಾಯಿಂದ ಹೋಗುವುದಿಲ್ಲವಲ್ಲ ಮಗಾ."

ಅಲ್ಲಿಂದ ನನಗೆ ಸುಖದ ಕಾಲ. ಯಾರಿಗೆ ಬೈದರೂ ಅಪರಾಧಿ ಬಿ-ಟ್ವೆಲ್ವ್. ತೊಂದರೆಯೆಂದರೆ, ನ್ಯಾಯವಾದ ಸಿಟ್ಟಿಗೂ ಕಿಮ್ಮತ್ತಿಲ್ಲದಾಯಿತು. ಕ್ಲಾಸಿನ ಫ್ಯಾನು ತಿರುಗುವುದಿಲ್ಲವೆಂದು ಕೂಗಾಡಿದರೆ ಪ್ರಾಂಶುಪಾಲರು, "ಇಂಜೆಕ್ಷನ್ ತಗೊಂಡ್ರಾ ಮಾರಾಯ್ರೆ?" ಎನ್ನುತ್ತಿದ್ದರು. ಫ್ಯಾನು ಇನ್ನೂ ತಿರುಗಿಲ್ಲ.

ಮೂರು ತಿಂಗಳ ಬಳಿಕ ಮತ್ತೆ ಪರೀಕ್ಷೆ. ವರದಿ ಬಂದ ದಿನವೇ ಭಾವ ಮಟ್ಟುವಿನ ಗುಳ್ಳ ಬದನೆ ಹಿಡಿದುಕೊಂಡು ಬಂದಿದ್ದರು, ಪುಣ್ಯಾತ್ಮರು. ಗುಳ್ಳದ ಸಾಂಬಾರು ಬಡಿಸಿದ ಸುಮನಾ, ವರದಿ ಬಿಡಿಸಿ ಓದಿದಳು. "ಎಲ್ಲ ಸರಿ ಉಂಟು. ಇನ್ನು ಮಾತಾಡುವುದು ನೀವೇ."

"ಇವನ ಅಪ್ಪನೂ ಹೀಗೆಯೇ," ಎಂದಳು ಅಮ್ಮ. "ಅವರ ರಕ್ತ ತೆಗೆಯುವ ಧೈರ್ಯ ಯಾರಿಗಿತ್ತು?"

ಮೂವರೂ ನನ್ನನ್ನೇ ನೋಡುತ್ತಿದ್ದರು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ತಟ್ಟೆಯತ್ತ ನೋಡುತ್ತ, "ಅವತ್ತು ನನ್ನಿಂದ ತಪ್ಪಾಯಿತು" ಎಂದೆ.

"ಎಂತ? ಕೇಳ್ಲಿಲ್ಲ" ಎಂದಳು ಸುಮನಾ.

"ಎಷ್ಟು ಸಲ ಹೇಳುವುದು? ತಪ್ಪಾಯಿತು ಅಂತ ಹೇಳಿದೆನಲ್ಲ!" ಎಂದು ನಾನು ಅಬ್ಬರಿಸಿದ ರಭಸಕ್ಕೆ ಭಾವನ ಕೈಯ ತುತ್ತು ತಟ್ಟೆಗೇ ಬಿತ್ತು. ವರದಿಯ ಪ್ರಕಾರ ಅಂದು ನನ್ನಲ್ಲಿ ಯಾವ ಕೊರತೆಯೂ ಇರಲಿಲ್ಲ.