ಬಾತುಕೋಳಿ ನಾಯಿಗೆ ನಾನು ಹುಡುಕಿಕೊಟ್ಟ ಗುರು

ಪರರ ಕೆಲಸವನ್ನು ಮೈಮೇಲೆ ಹಾಕಿಕೊಳ್ಳುವುದರಲ್ಲಿ ನನ್ನನ್ನು ಮೀರಿಸುವವರು ಲಂಡನ್ನಿನ ಸ್ಟ್ಯಾನ್ಮೋರಿನಲ್ಲಿ ಇನ್ನೊಬ್ಬರಿಲ್ಲ. ವೃತ್ತಿಯಿಂದ ನಾನು ಅರಿವಳಿಕೆ ವೈದ್ಯ. ಆಸ್ಪತ್ರೆಯಲ್ಲಿ ಜನರನ್ನು ನಿದ್ದೆ ಮಾಡಿಸಲು ನನಗೆ ಔಷಧ ಬೇಕು. ಮನೆಯಲ್ಲಿ ಬಾಯಿ ತೆರೆದರೆ ಸಾಕು ಎಂದು ನನ್ನ ಹೆಂಡತಿ ಸುಮಾ ಹೇಳುತ್ತಾಳೆ.

ನಮ್ಮ ಪಕ್ಕದ ಮನೆಯ ಹ್ಯಾರಿ ವಯಸ್ಸಾದವರು, ಹೆಂಡತಿಯನ್ನು ಕಳೆದುಕೊಂಡವರು. ಚಳಿಗಾಲದಲ್ಲಿ ಬಾತುಕೋಳಿ ಬೇಟೆ ಅವರ ಏಕೈಕ ಚಟ. ಗುಂಡು ತಗುಲಿ ನೀರಿಗೆ ಬಿದ್ದ ಹಕ್ಕಿಯನ್ನು ಕಚ್ಚಿ ತರಲೆಂದೇ ಮಾಂಟಿ ಎಂಬ ಕಪ್ಪು ಲ್ಯಾಬ್ರಡಾರ್ ಮರಿಯನ್ನು ತಂದಿದ್ದರು. ಅಷ್ಟರಲ್ಲಿ ಅವರ ಮೊಣಕಾಲಿಗೆ ಆಪರೇಷನ್ ಆಯಿತು. ಮಗಳು ಜೇನ್ ಬಂದು ಖಡಾಖಂಡಿತವಾಗಿ ಹೇಳಿಬಿಟ್ಟಳು: "ಡ್ಯಾಡ್, ಇನ್ನು ನೀವು ಕೆರೆಗಿಳಿದು ಬಾತುಕೋಳಿ ಎತ್ತೋ ಹಾಗಿಲ್ಲ. ಸೆಪ್ಟೆಂಬರಿನಲ್ಲಿ ಬೇಟೆ ಶುರುವಾಗೋ ಮೊದಲನೇ ದಿನ ನಾನೂ ಬಂದು ನೋಡ್ತೀನಿ. ಬಾತುಕೋಳಿ ನಿಮ್ಮ ಕೈಗೆ ಬಂದರೆ ನಾಯಿ ಇರಲಿ. ಇಲ್ಲದಿದ್ರೆ ಬೇರೆ ಮನೆ ನೋಡೋಣ."

ಬೇಲಿಯ ಆಚೆ ನಿಂತು ಹ್ಯಾರಿ ಇದನ್ನೆಲ್ಲ ನನಗೆ ಹೇಳಿದರು. "ಒಳ್ಳೆಯ ಟ್ರೇನರ್ ಸಿಕ್ಕಬೇಕಷ್ಟೆ" ಎಂದು ಅವರು ಹಳದಿ ಪುಟಗಳ ದಪ್ಪ ಟೆಲಿಫೋನ್ ಡೈರೆಕ್ಟರಿ ತೆರೆದರು. ನಾನು ಅದನ್ನು ಮುಚ್ಚಿದೆ. ಗುರುತು ಪರಿಚಯ ಇಲ್ಲದವರ ಕೈಗೆ ಮಗುವನ್ನು ಒಪ್ಪಿಸುವುದೇ? ನಮ್ಮ ಪೈಕಿ ವಿಚಾರಿಸಿದರೆ ಸಿಗದ ಮನುಷ್ಯನುಂಟೇ?

"ಬಿಡಿ ಹ್ಯಾರಿ. ನಾನಿದ್ದೇನೆ!"

ಸುಮಾ ಅಡುಗೆಮನೆಯ ಕಿಟಕಿಯಿಂದಲೇ ಹಣೆ ಚಚ್ಚಿಕೊಂಡಳು. "ಹಲ್ಲಿ ಕಂಡ್ರ ಕುರ್ಚಿ ಮ್ಯಾಲೆ ಹತ್ತತೀರಿ. ನಿಮಗ್ಯಾಕ್ರೀ ಬ್ಯಾಟಿ ನಾಯಿ ಉಸಾಬರಿ?"

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಫೆಲ್ಥಮ್‌ನಲ್ಲಿ ನಮ್ಮ ಪಾಟೀಲನಿದ್ದ. ವಿಜಯಪುರದವನು. ಏರ್‌ಪೋರ್ಟಿನಲ್ಲಿ ಸಾಮಾನು ಮೂಸುವ ನಾಯಿಗಳ ಜೊತೆ ಕೆಲಸ. ಫೋನ್ ಮಾಡಿದೆ.

"ಬ್ಯಾಟಿ ನಾಯಿ ಆದ್ರೇನು, ಏರ್‌ಪೋರ್ಟ್ ನಾಯಿ ಆದ್ರೇನು? ಮೂಗು ಒಂದs ಅಲ್ಲೇನ್ರೀ!" ಎಂದ ಪಾಟೀಲ. ಇಂಥ ಆಳವಾದ ಮಾತು ಡೈರೆಕ್ಟರಿಯಲ್ಲಿ ಸಿಗುತ್ತಿತ್ತೇ? ಹ್ಯಾರಿಯವರಿಗೆ ನಾನು ಗಂಭೀರವಾಗಿ ವರದಿ ಒಪ್ಪಿಸಿದೆ: ಅಂತರರಾಷ್ಟ್ರೀಯ ಮಟ್ಟದ ತಜ್ಞರು ದೊರೆತಿದ್ದಾರೆ.

ಶನಿವಾರ ಶನಿವಾರ ನಮ್ಮ ಮನೆಯ ಹಾಲ್‌ನಲ್ಲಿ ತರಬೇತಿ ಶುರುವಾಯಿತು. ಪಾಟೀಲ ನಾಲ್ಕಾರು ಸೂಟ್‌ಕೇಸ್ ಸಾಲಾಗಿ ಇಡುವನು. ಒಂದರಲ್ಲಿ ಶೇಂಗಾ ಚಟ್ನಿಪುಡಿ, ಇಲ್ಲವೇ ಫೇಡೆ. ಮಾಂಟಿ ಮೂಸುತ್ತಾ ಹೋಗಿ ಸರಿಯಾದ ಪೆಟ್ಟಿಗೆಯ ಮುಂದೆ ಧೊಪ್ಪನೆ ಕೂರಬೇಕು. ಒಂದೇ ತಿಂಗಳಲ್ಲಿ ಅದು ಪಂಡಿತನಾಯಿತು! ಧಾರವಾಡದಿಂದ ಬಂದಿದ್ದ ಸುಮಾಳ ಸೋದರತ್ತೆಯ ಕೈಚೀಲದ ಮುಂದೆ ಕೂತು ಕದಲಲೇ ಇಲ್ಲ. ಒಳಗೆ ಕಿಂಗ್ಸ್‌ಬರಿಯ ಬೀಗರಿಗೆಂದು ಬಚ್ಚಿಟ್ಟ ಫೇಡೆ ಡಬ್ಬಿ! ಅತ್ತೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು.

ಆಮೇಲೆ ಪಾಟೀಲ ಬಾತುಕೋಳಿಯ ಪುಕ್ಕ ಕೇಳಿದ. ನಾನು ಪಾರ್ಕಿನ ಕೊಳದ ದಂಡೆಯಲ್ಲಿ ಬಗ್ಗಿ ಬಗ್ಗಿ ಪುಕ್ಕ ಆರಿಸಿದೆ. ಸುಮಾ ಅವನ್ನು ಹೊಸ್ತಿಲು ದಾಟಲು ಬಿಡದ್ದರಿಂದ ತರಗತಿ ಗ್ಯಾರೇಜಿಗೆ ವರ್ಗವಾಯಿತು. ಅಲ್ಲಿಯೂ ಮಾಂಟಿ ಪುಕ್ಕವಿದ್ದ ಪೆಟ್ಟಿಗೆ ಹುಡುಕಿತು, ಕೂತಿತು, ದಿಟ್ಟಿಸಿತು. ಬಾಯಿ ಮಾತ್ರ ಹಾಕಲಿಲ್ಲ.

"ಮುಟ್ಟಬಾರ್ದು. ಅದs ಮುಖ್ಯ," ಎಂದ ಪಾಟೀಲ.

ನನ್ನ ಕಣ್ಣಲ್ಲಿ ನೀರೇ ಬಂತು. ಬಾತುಕೋಳಿ ವಾಸನೆ ಮೂಗಿಗೆ ಬಡಿಯುತ್ತಿದ್ದರೂ ಮುಟ್ಟದ ನಾಯಿ! ನಮ್ಮ ಮನೆಯ ಸಸ್ಯಾಹಾರಿ ಸಂಸ್ಕಾರ ನಾಯಿಗೂ ಬಂದುಬಿಟ್ಟಿತೆಂದು ಬೀಗಿದೆ. ಮುಟ್ಟದೆ ತರುವುದು ಹೇಗೆಂಬ ಸಣ್ಣ ಪ್ರಶ್ನೆ ನನಗಾಗಲಿ ಪಾಟೀಲನಿಗಾಗಲಿ ಹೊಳೆಯಲಿಲ್ಲ.

ಸೆಪ್ಟೆಂಬರ್ ಬಂತು. ಪಾಟೀಲನಿಗೆ ಅಂದು ಡ್ಯೂಟಿ. ಲಂಡನ್ನಿನ ಅಂಚಿನ ಒಂದು ಖಾಸಗಿ ಕೆರೆಗೆ ಹ್ಯಾರಿ, ಜೇನ್, ಮಾಂಟಿ ಮತ್ತು ನಾನು ಹೋದೆವು. ಹ್ಯಾರಿ ಮಡಚುವ ಕುರ್ಚಿಯಲ್ಲಿ ಕೂತು ಗುಂಡು ಹಾರಿಸಿದರು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಬಾತುಕೋಳಿ ಆಚೆ ಜೊಂಡಿನ ಬಳಿ ತೇಲುತ್ತಿತ್ತು.

"ಗೋ ಆನ್, ಮಾಂಟಿ!" ಎಂದು ಹ್ಯಾರಿ ಕೈ ಬೀಸಿದರು.

ಮಾಂಟಿ ಧುಮುಕಿತು. ಸರಸರ ಈಜಿತು. ನೇರ ಬಾತುಕೋಳಿಯ ಬಳಿ ಹೋಯಿತು. ಅಲ್ಲಿ ನೀರು ಆಳವಿರಲಿಲ್ಲ. ಮಾಂಟಿ ಧೊಪ್ಪನೆ ಕೂತಿತು!

ಕುತ್ತಿಗೆಯವರೆಗೆ ನೀರು. ಮುಂದೆ ಬಾತುಕೋಳಿ. ಮುಖದಲ್ಲಿ ರ್‍ಯಾಂಕ್ ಬಂದ ವಿದ್ಯಾರ್ಥಿಯ ಹೆಮ್ಮೆ. ಬೇಟೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿತು. ಸೂಟ್‌ಕೇಸ್ ತೆರೆಯಬೇಕಾದ ಅಧಿಕಾರಿ ನಾನಲ್ಲವೇ!

ಹ್ಯಾರಿ ಸಿಳ್ಳೆ ಹೊಡೆದರು, ಕೂಗಿದರು, ಬೇಡಿಕೊಂಡರು. ನಾಯಿ ಕದಲಲಿಲ್ಲ. "ಸಾರಿ ಡ್ಯಾಡ್," ಎಂದಳು ಜೇನ್, ಮೆಲ್ಲಗೆ. ಹ್ಯಾರಿ ತಲೆ ತಗ್ಗಿಸಿ ಟೋಪಿಯನ್ನು ಮಡಿಲಲ್ಲಿ ಇಟ್ಟುಕೊಂಡರು. ನನಗೆ ತಡೆಯಲಾಗಲಿಲ್ಲ. ಆ ನಾಯಿಯ ತಪ್ಪೇನೂ ಇರಲಿಲ್ಲ. ಅದು ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡಿತ್ತು.

ಬೂಟು ಬಿಚ್ಚಿದೆ. ಪ್ಯಾಂಟು ಮಡಚಿದೆ. ಮೊಟ್ಟೆಯನ್ನೂ ಮುಟ್ಟದ ವಂಶದವನು ನಾನು, ದೇವರ ಹೆಸರು ಹೇಳುತ್ತಾ ಆ ಕೊರೆಯುವ ನೀರಿಗಿಳಿದೆ! ಮೊಣಕಾಲಿನವರೆಗೆ ಇದ್ದದ್ದು ಸೊಂಟಕ್ಕೆ ಬಂತು. ಕಣ್ಣು ಮುಚ್ಚಿ ಬಾತುಕೋಳಿಯ ಕಾಲು ಹಿಡಿದೆ. ಮಾಂಟಿ ಖುಷಿಯಿಂದ ಎದ್ದು ಮೈ ಕೊಡವಿ ನನ್ನ ಮುಖ ತೊಳೆಯಿತು. ನಡುಗುತ್ತಾ ಬಂದು ಬಾತುಕೋಳಿಯನ್ನು ಹ್ಯಾರಿಯವರ ಕೈಗೆ ಒಪ್ಪಿಸಿದೆ.

"ನಿಮ್ಮ ಷರತ್ತು ಬಾತುಕೋಳಿ ಕೈಗೆ ಬರಬೇಕೆಂದಲ್ಲವೇ?" ಎಂದು ಜೇನ್‌ಳನ್ನು ಕೇಳಿದೆ. "ಬಂತಲ್ಲ!"

ಜೇನ್ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಪ್ರತಿ ವಾರ ಇವರು ಬರ್ತಾರಾ?"

"ಬರ್ತಾರೆ!" ಎಂದರು ಹ್ಯಾರಿ, ನನ್ನನ್ನು ಕೇಳದೆಯೇ.

ಮಾಂಟಿ ಉಳಿಯಿತು. ಮನೆಗೆ ಬಂದರೆ ಸುಮಾ ಬಾಗಿಲಲ್ಲೇ ತಡೆದಳು. "ಅಲ್ಲೇ ನಿಲ್ರಿ! ಒಳಗ ಕಾಲಿಟ್ರ ನೋಡ್ರಿ ಮತ್ತ!" ಹಿತ್ತಲಿನ ಹೋಸ್‌ಪೈಪಿನಲ್ಲಿ ನನಗೆ ಸ್ನಾನವಾಯಿತು. ಬೇಲಿಯ ಆಚೆ ಹ್ಯಾರಿ ಮಾಂಟಿಯನ್ನು ಬಿಸಿ ಟವೆಲಿನಲ್ಲಿ ಒರೆಸುತ್ತಿದ್ದರು.

ಆ ಚಳಿಗಾಲವಿಡೀ ಹೀಗೆಯೇ ನಡೆಯಿತು. ಹ್ಯಾರಿ ಸಿಳ್ಳೆ ಹೊಡೆದರೆ ಮಾಂಟಿ ಕೂರುತ್ತಿತ್ತು, ನಾನು ಏಳುತ್ತಿದ್ದೆ. ಒಂದು ಭಾನುವಾರ ಎರಡು ಬಾತುಕೋಳಿಗಳನ್ನು ಒಟ್ಟಿಗೆ ತಂದು ಅವರ ಮುಂದಿಟ್ಟೆ. ಹ್ಯಾರಿ ಸಂತೋಷದಿಂದ "ಗುಡ್ ಬಾಯ್!" ಎಂದರು. ಮಾಂಟಿ ಬಾಲ ಅಲ್ಲಾಡಿಸಲಿಲ್ಲ. ಹೇಳಿದ್ದು ಯಾರಿಗೆಂದು ಅದಕ್ಕೂ ಗೊತ್ತಿತ್ತು.