ರಾಜೀನಾಮೆ ಕೊಟ್ಟವರು ಹೋಗುವ ತನಕ

ಕೆಲಸ ಬಿಡುತ್ತೇನೆಂದು ಹೇಳಿದ ದಿನದಿಂದ ನಿಜವಾಗಿ ಬಿಡುವ ದಿನದ ತನಕ ಮನುಷ್ಯ ಏನೇನಾಗುತ್ತಾನೆ ಎಂಬುದು ದೇವರಿಗೆ ಗೊತ್ತು, ಬಿಟ್ಟರೆ ಎಚ್‌ಆರ್‌ನವರಿಗೆ ಗೊತ್ತು. ನಾನು ಎಚ್‌ಆರ್. ಥಾಣೆ ಹತ್ತಿರದ ರಬಾಳೆಯಲ್ಲಿ ನಮ್ಮ ಕಂಪನಿ. ಹೌಸಿಂಗ್ ಸೊಸೈಟಿಗಳಿಗೂ ಕಾರ್ಖಾನೆಗಳಿಗೂ ನೀರಿನ ಪಂಪ್ ಮಾರುತ್ತೇವೆ, ಕೆಟ್ಟರೆ ರಿಪೇರಿಯನ್ನೂ ಮಾಡುತ್ತೇವೆ. ಧಣಿಗಳು ಉಡುಪಿ ಕಡೆಯವರು. ನಾನು ಸೇರಿದ ದಿನವೇ ಅವರು ಹೇಳಿದ್ದರು: "ನೋಡಮ್ಮ, ಬರುವವರನ್ನು ನಾನು ನೋಡಿಕೊಳ್ತೇನೆ. ಹೋಗುವವರನ್ನು ನೀನು ನೋಡಿಕೋ. ಗಲಾಟೆ ಇಲ್ಲದೆ ಹೋಗಬೇಕು, ಅಷ್ಟೇ." ನೋಟಿಸ್ ಪೀರಿಯಡ್ ಎಂದರೆ ನಮ್ಮಲ್ಲಿ ಒಂದು ತಿಂಗಳು. ಆ ಒಂದು ತಿಂಗಳು ಗಲಾಟೆ ಇಲ್ಲದೆ ಕಳೆದದ್ದನ್ನು ನಾನಂತೂ ಕಂಡಿಲ್ಲ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನನಗಿದ್ದ ಆಸೆ ಒಂದೇ. ಬೆಳಕಿರುವಾಗ ಡೊಂಬಿವಲಿಯ ಮನೆ ಸೇರಬೇಕು, ಶಾಲೆ ಬಿಟ್ಟು ಬಂದು ಪಕ್ಕದ ಮನೆಯ ಮರಾಠಿ ಆಂಟಿ ಕಾಕೂ ಹತ್ತಿರ ಕಾಯುವ ಮಗಳ ಜೊತೆ ಕೂತು ಒಂದು ಲೋಟ ಚಹಾ ಕುಡಿಯಬೇಕು. ಅದಕ್ಕೆ ಅಡ್ಡ ನಿಂತವರು ಒಬ್ಬರೇ, ನಮ್ಮ ಜನರಲ್ ಮ್ಯಾನೇಜರ್ ಸಾಹೇಬರು. ಅವರ ವಿಷಯಕ್ಕೆ ನಿಧಾನವಾಗಿ ಬರುತ್ತೇನೆ, ಯಾಕೆಂದರೆ ಅವರು ಹೋಗಿದ್ದೂ ನಿಧಾನವಾಗಿಯೇ.

ನಿಜ ಹೇಳುವ ರೋಗ

ನಮ್ಮ ಒಬ್ಬ ಸೇಲ್ಸ್‌ಮನ್ ರಾಜೀನಾಮೆ ಕೊಟ್ಟ. ಮಾತಿನಲ್ಲಿ ಬಹಳ ಚುರುಕು, ಸುಳ್ಳು ಹೇಳುವಾಗ ಕಣ್ಣು ಕೂಡ ಮಿಟುಕಿಸುತ್ತಿರಲಿಲ್ಲ. ರಾಜೀನಾಮೆ ಕೊಟ್ಟ ಮರುದಿನದಿಂದ ಅವನಿಗೆ ಏನಾಯಿತೋ, ಕಂಡಕಂಡಲ್ಲಿ ನಿಜ ಹೇಳತೊಡಗಿದ.

ಕೋಪರಿಯ ಒಂದು ಸೊಸೈಟಿಯ ಸೆಕ್ರೆಟರಿ, "ನಿಮ್ಮ ಪಂಪ್ ಹೇಗೆ?" ಎಂದು ಕೇಳಿದರಂತೆ. ಇವನು, "ಪಂಪ್ ಪರವಾಗಿಲ್ಲ ಸಾಹೇಬ್ರೆ. ಶಬ್ದ ಮಾತ್ರ ಜಾಸ್ತಿ, ಕೆಳಗಿನ ಮನೆಯವರು ನಿಮ್ಮನ್ನು ಬೈತಾರೆ. ನಾವು ಹೇಳಿದ ದಿನ ತಂದು ಕೊಡೋದಿಲ್ಲ. ಕೆಟ್ಟಾಗ ಮೊದಲನೇ ಫೋನಿಗೆ ಯಾರೂ ಬರೋದಿಲ್ಲ, ಮೂರನೇ ಫೋನಿಗೆ ಗ್ಯಾರಂಟಿ ಬರ್ತಾರೆ" ಎಂದಿದ್ದಾನೆ. ಸುದ್ದಿ ನಮ್ಮ ಆಫೀಸಿಗೂ ಮುಟ್ಟಿತು. ಧಣಿಗಳು ಅವನನ್ನು ಎದುರು ನಿಲ್ಲಿಸಿಕೊಂಡು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಅದೇ ಸೆಕ್ರೆಟರಿಯ ಫೋನ್ ಬಂತು. "ಇಷ್ಟು ವರ್ಷದಲ್ಲಿ ನಿಜ ಹೇಳಿದ ಮೊದಲ ಸೇಲ್ಸ್‌ಮನ್ ನಿಮ್ಮವನು. ನಮ್ಮ ಕಟ್ಟಡದ ಎರಡೂ ವಿಂಗ್‌ಗೆ ನಿಮ್ಮದೇ ಪಂಪ್ ಇರಲಿ." ಮುಂದಿನ ವಾರ ಶಹಾಡ್‌ನ ಒಂದು ಕಾರ್ಖಾನೆಯಲ್ಲೂ ಹೀಗೇ ಆಯಿತು. ಅಲ್ಲಿ ಅವನು ಎದುರಾಳಿ ಕಂಪನಿಯ ಪಂಪನ್ನು ಹೊಗಳಿ ಬಂದಿದ್ದ, ಆದರೂ ಆರ್ಡರ್ ಮಾತ್ರ ನಮಗೇ ಬಂತು.

ಧಣಿಗಳು ನನ್ನನ್ನು ಕ್ಯಾಬಿನ್‌ಗೆ ಕರೆದು ಬಾಗಿಲು ಹಾಕಿಕೊಂಡರು. "ಮಾರಾಯ್ತಿ, ಒಂದು ಕೆಲಸ ಮಾಡು. ಉಳಿದ ಸೇಲ್ಸ್‌ನವರ ಹತ್ತಿರವೂ ಒಂದೊಂದು ರಾಜೀನಾಮೆ ಬರೆಸಿಕೋ."

ಚಾರ್ಜ್ ಒಪ್ಪಿಸಿದ್ದು

ಸ್ಟೋರ್ ಕೀಪರ್ ಕೆಲಸ ಬಿಡುವಾಗ ನಾನು ಗಟ್ಟಿಯಾಗಿ ಹೇಳಿದ್ದೆ: "ಹೊಸಬರಿಗೆ ಎಲ್ಲವನ್ನೂ ಹೇಳಿಕೊಟ್ಟು ಹೋಗಬೇಕು. ಒಂದೂ ಬಿಡಬಾರದು." ಅವನು ಬಹಳ ನಿಯತ್ತಿನ ಮನುಷ್ಯ, ಒಂದನ್ನೂ ಬಿಡಲಿಲ್ಲ.

ಕೊನೆಯ ವಾರ ಧಣಿಗಳು, "ನೋಡುವಾ, ಹೇಗೆ ಕಲಿಸ್ತಾನೆ" ಎಂದು ನನ್ನನ್ನೂ ಕರೆದುಕೊಂಡು ಸದ್ದಿಲ್ಲದೆ ಸ್ಟೋರಿಗೆ ಬಂದರು. ಒಳಗೆ ಪಾಠ ನಡೆಯುತ್ತಿತ್ತು. "ಈ ರ‍್ಯಾಕಿನ ಹಿಂದೆ ಬಾ. ಇಲ್ಲಿ ರಟ್ಟು ಹಾಸಿದ್ದೇನೆ. ಊಟವಾದ ಮೇಲೆ ಮಲಗಲಿಕ್ಕೆ ಇಡೀ ಕಂಪನಿಯಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಗಾಳಿ ಬರ್ತದೆ, ಫೋನ್‌ಗೆ ನೆಟ್‌ವರ್ಕ್ ಇಲ್ಲ. ಧಣಿ ಬಂದರೆ ಅವರ ಚಪ್ಪಲಿ ಕಿರ್ ಅಂತದೆ, ಎದ್ದು ಬೇರಿಂಗ್ ಎಣಿಸಲಿಕ್ಕೆ ಶುರು ಮಾಡು." ಹೊಸ ಹುಡುಗ ಭಕ್ತಿಯಿಂದ ತಲೆಯಾಡಿಸುತ್ತಿದ್ದ.

ಧಣಿಗಳು ಆ ದಿನ ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದರು. ಅವರು ನೆಟ್ಟಗೆ ರ‍್ಯಾಕಿನ ಹಿಂದೆ ಹೋಗಿ, ರಟ್ಟನ್ನು ಕೈಯಿಂದ ಒತ್ತಿ ನೋಡಿ, ಗಾಳಿ ಎಲ್ಲಿಂದ ಬರುತ್ತದೆಂದು ಪರೀಕ್ಷಿಸಿ ಹೊರಟುಹೋದರು. ಗಲಾಟೆ ಏನೂ ಆಗಲಿಲ್ಲವಲ್ಲ ಎಂದು ನನಗೆ ಸಮಾಧಾನ. ಆಮೇಲಿಂದ ಊಟದ ನಂತರ ಧಣಿಗಳಿಗೆ ಫೋನ್ ಮಾಡಿದರೆ ನೆಟ್‌ವರ್ಕ್ ಸಿಗುವುದಿಲ್ಲ.

ಒಂದ ನಿಮಿಷ ಕುಂದರ್ರಿ

ಇನ್ನು ಜನರಲ್ ಮ್ಯಾನೇಜರ್ ಸಾಹೇಬರು. ಧಾರವಾಡದವರು, ಕಂಪನಿಗೆ ಎಲ್ಲರಿಗಿಂತ ಮೊದಲು ಸೇರಿದವರು. ಕೆಟ್ಟವರಲ್ಲ, ಯಾರಿಗೂ ಒಂದು ಬೈಗುಳ ಬೈದವರಲ್ಲ. ಅವರ ತೊಂದರೆ ಎಂದರೆ ಮಾತು. ಅದೂ ಹಗಲಿಡೀ ಸುಮ್ಮನಿದ್ದು, ಸಂಜೆ ನಾವೆಲ್ಲ ಬ್ಯಾಗ್ ಹೆಗಲಿಗೇರಿಸಿದ ಕೂಡಲೇ ಕ್ಯಾಬಿನ್‌ನಿಂದ ಹೊರಗೆ ಬರುವರು. "ಏನ್ರೀ ಮೇಡಮ್ಮಾರ, ಹೊಂಟ್ರೇನು? ಒಂದ ನಿಮಿಷ ಕುಂದರ್ರಿ. ಒಂದ ವಿಚಾರ ಬಂತು."

ವಿಚಾರ ಪಂಪಿನಿಂದ ಹೊರಟು, ಅವರ ಕಾಲೇಜು ದಿನಗಳಿಗೆ ಹೋಗಿ, ಅಲ್ಲಿಂದ ಮನುಷ್ಯಜನ್ಮದ ಅರ್ಥಕ್ಕೆ ಬರುವಷ್ಟರಲ್ಲಿ ನನ್ನ ಲೋಕಲ್ ರೈಲು ಹೋಗಿರುತ್ತಿತ್ತು. ಅವರ ಮನೆ ಒಂದೇ ಸ್ಟೇಷನ್ ಆಚೆ ಐರೋಳಿಯಲ್ಲಿ, ಅವರಿಗೇನು? ನಾನು ಥಾಣೆಗೆ ಹೋಗಿ, ಅಲ್ಲಿ ಸೇತುವೆ ಹತ್ತಿ ಇಳಿದು, ಲೇಡೀಸ್ ಡಬ್ಬಿಯಲ್ಲಿ ಒಂದು ಕಾಲಿಗೆ ಜಾಗ ಮಾಡಿಕೊಂಡು ಡೊಂಬಿವಲಿ ಮುಟ್ಟುವಾಗ ಕತ್ತಲಾಗಿರುತ್ತಿತ್ತು. ಬಾಗಿಲಲ್ಲೇ ಮಗಳ ಪ್ರಶ್ನೆ: "ಆಜ್ ಭೀ ಲೇಟ್?" ಇವತ್ತೂ ತಡವಾ ಎನ್ನುವ ಆ ಮಾತು ನನಗೆ ಚುಚ್ಚುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಧಣಿಗಳಿಗೆ ದೂರು ಹೇಳಿದರೆ, "ನನ್ನನ್ನೂ ಕೂರಿಸಿಕೊಳ್ತಾರೆ ಮಾರಾಯ್ತಿ. ಆದರೆ ಹೋಗಿ ಅಂತ ಹೇಳ್ಲಿಕ್ಕೆ ನನಗೆ ಬಾಯಿ ಬರುವುದಿಲ್ಲ" ಎನ್ನುತ್ತಿದ್ದರು.

ಅಳಬಾರದು, ನಗಬಾರದು

ಹಾಗೆಂದು ಸಾಹೇಬರು ರಾಜೀನಾಮೆ ಕೊಡದವರಲ್ಲ. ಒಮ್ಮೆ ಕೊಟ್ಟಿದ್ದರು. ಆಗ ನಮ್ಮವರು ಖುಷಿ ತಡೆಯಲಾರದೆ ಅದೇ ದಿನ ಪೇಢಾ ಹಂಚಿಬಿಟ್ಟರು. "ನಾ ಹೋಗೂದಂದ್ರ ಇಷ್ಟು ಖುಷಿ ಏನು? ಹಂಗಾರ ನಾ ಹೋಗಂಗಿಲ್ಲ" ಎಂದು ರಾಜೀನಾಮೆ ವಾಪಸ್ ಪಡೆದರು. ಎರಡನೇ ಸಲ ನಾವು ಎಚ್ಚರಿಕೆಯಿಂದ ಮುಖ ಸಣ್ಣಗೆ ಮಾಡಿಕೊಂಡು ಕೂತೆವು. ಅಕೌಂಟ್ಸ್‌ನ ಹುಡುಗಿಗೆ ಅದೇ ವಾರ ಕಣ್ಣುಬೇನೆ, ಒಂದೇ ಸಮ ನೀರು ಸುರಿಯುತ್ತಿತ್ತು. "ನನಗಾಗಿ ಕಣ್ಣೀರ ಹಾಕೋ ಮಂದೀನ ಬಿಟ್ಟ ಹೆಂಗ ಹೋಗ್ಲಿ?" ಎಂದು ಆಗಲೂ ಉಳಿದರು.

ಮೂರನೇ ಸಲ ರಾಜೀನಾಮೆ ನನ್ನ ಮೇಜಿಗೆ ಬಂದಾಗ ನಾನು ಎಲ್ಲರನ್ನೂ ಪ್ಯಾಂಟ್ರಿಯಲ್ಲಿ ಸೇರಿಸಿ ಹೇಳಿದೆ: "ಈ ತಿಂಗಳು ಯಾರೂ ನಗಬಾರದು, ಯಾರೂ ಅಳಬಾರದು. ಬ್ಯಾಂಕಿನಲ್ಲಿ ಟೋಕನ್ ಹಿಡಿದು ಕೂತವರ ಹಾಗೆ ಮುಖ ಇಟ್ಟುಕೊಳ್ಳಿ. ಕಣ್ಣುಬೇನೆ ಬಂದರೆ ರಜೆ ಹಾಕಿ."

ಅಷ್ಟರಲ್ಲಿ ಅವರನ್ನು ಸೇರಿಸಿಕೊಳ್ಳಲಿದ್ದ ಹೊಸ ಕಂಪನಿಯ ಎಚ್‌ಆರ್ ಹುಡುಗಿ ವಿಚಾರಣೆಗೆ ಫೋನ್ ಮಾಡಿದಳು. "ಮೇಡಂ, ಅವರು ಹೇಗೆ?"

"ಚಿನ್ನದಂಥ ಮನುಷ್ಯ" ಎಂದೆ. "ಸಂಜೆ ಎಲ್ಲರೂ ಹೊರಟರೂ ಅವರು ಮಾತ್ರ ಹೊರಡುವುದಿಲ್ಲ." ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

"ಅಷ್ಟು ಒಳ್ಳೆಯವರನ್ನು ನೀವು ಯಾಕೆ ಬಿಡ್ತಾ ಇದ್ದೀರಿ?"

ದೇವರೇ ಬಾಯಿಗೆ ಮಾತು ಕೊಟ್ಟ. "ಒಳ್ಳೆಯವರನ್ನು ನಾವೊಬ್ಬರೇ ಇಟ್ಟುಕೊಳ್ಳುವುದು ಸ್ವಾರ್ಥ ಅಲ್ವಾ?"

ಬೀಳ್ಕೊಡುಗೆ

ಹೇಗೋ ತಿಂಗಳು ಮುಗಿಯಿತು. ಕೊನೆಯ ದಿನ ಮಧ್ಯಾಹ್ನ ಸಮಾರಂಭ. ಬಟಾಟಾ ವಡಾ, ಶಾಲು, ದೊಡ್ಡ ಹೂಗುಚ್ಛ, ಸಾಹೇಬರ ಪಕ್ಕದಲ್ಲಿ ಅವರ ಹೆಂಡತಿ. ನಾನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋದದ್ದು ಧಣಿಗಳನ್ನು. ಅವರು ಊರವರ ಸಂಘದ ಅಧ್ಯಕ್ಷರು. ಶಾಲು ಹೊದಿಸಿದ ಮನುಷ್ಯನನ್ನು ಕಂಡು, ಕೈಗೆ ಮೈಕೂ ಸಿಕ್ಕಿದರೆ ಹೊಗಳದೆ ಇರಲು ಅವರಿಂದ ಸಾಧ್ಯವೇ ಇಲ್ಲ.

"ಇವರು ನಮ್ಮ ಸಂಸ್ಥೆಯ ಆಧಾರಸ್ತಂಭ" ಎಂದು ಶುರು ಮಾಡಿದರು. ನಾನು ಕೆಮ್ಮಿದೆ. "ಇವರಿಲ್ಲದ ಈ ಕಚೇರಿಯನ್ನು ನಾನು ಕಲ್ಪಿಸಿಕೊಳ್ಳಲಾರೆ." ಅಂಗಿಯ ತುದಿ ಹಿಡಿದು ಜಗ್ಗಿದೆ. ಅವರು ಇನ್ನಷ್ಟು ಏರುದನಿಯಲ್ಲಿ, "ಇಂಥವರು ಹೋದರೆ ನಾವು ಅನಾಥರು!" ಎಂದು ಕೂತರು.

ಸಾಹೇಬರು ಕರವಸ್ತ್ರ ತೆಗೆದಾಗಲೇ ನನಗೆ ಗೊತ್ತಾಯಿತು. ಎದ್ದು ನಿಂತು, ಗದ್ಗದ ದನಿಯಲ್ಲಿ, "ಇಷ್ಟು ಪ್ರೀತಿ ಐತಿ ಅಂತ ನನಗ ಗೊತ್ತಿರಲಿಲ್ಲ. ನಾ ಎಲ್ಲೂ ಹೋಗಂಗಿಲ್ಲ!" ಎಂದರು. ಸಭೆಯಲ್ಲಿ ವಡಾ ಅಗಿಯುವ ಸದ್ದೂ ನಿಂತಿತು. ನನಗೆ ನಿಜವಾಗಿಯೂ ಅಳು ಬಂತು.

ಆಗ ಅವರ ಹೆಂಡತಿ ಎದ್ದು ಗಂಡನ ಕೈಯಿಂದ ಮೈಕ್ ತೆಗೆದುಕೊಂಡರು. "ಎಲ್ಲಾರಿಗೂ ನಮಸ್ಕಾರ. ಇವರು ಹೋಗತಾರ. ಹೊಸಾ ಕಂಪನ್ಯಾಗ ತಿಂಗಳಿಗೆ ಹದಿನೈದ ದಿನ ಟೂರ್ ಐತಿ. ಅದನ್ನ ಕೇಳಿದ ದಿನಾನ ನಾ ಹೋಳಿಗಿ ಮಾಡಿ ದೇವರಿಗೆ ನೈವೇದ್ಯ ತೋರಿಸೇನಿ. ದೇವರಿಗೆ ತೋರಿಸಿದ್ದನ್ನ ವಾಪಸ್ ತಗೊಳ್ಳಾಕ ಬರಂಗಿಲ್ಲ. ನಡೀರಿ."

ಅಂಥ ಚಪ್ಪಾಳೆ ನಮ್ಮ ಕಂಪನಿಯಲ್ಲಿ ಹಿಂದೆಂದೂ ಬಿದ್ದಿರಲಿಲ್ಲ. ಸಾಹೇಬರು ಅದು ತಮಗೇ ಎಂದುಕೊಂಡು ಎಲ್ಲ ದಿಕ್ಕಿಗೂ ಕೈಮುಗಿಯುತ್ತಾ ಹೆಂಡತಿಯ ಹಿಂದೆ ನಡೆದರು. ಗಡಿಬಿಡಿಯಲ್ಲಿ ಹೂಗುಚ್ಛ ಕುರ್ಚಿಯ ಮೇಲೆಯೇ ಉಳಿಯಿತು. ಧಣಿಗಳು ಬೆವರು ಒರೆಸಿಕೊಂಡು, "ಇವತ್ತು ಎಲ್ಲರೂ ಬೇಗ ಮನೆಗೆ ಹೋಗಿ. ಆ ಹೂವೂ ಉಳಿದ ವಡೆಯೂ ನೀನು ತಗೊಂಡು ಹೋಗು ಮಾರಾಯ್ತಿ" ಎಂದರು.

ಬಿಸಿಲಿರುವಾಗಲೇ ಡೊಂಬಿವಲಿಯಲ್ಲಿ ಇಳಿದೆ. ಎಷ್ಟು ಹಗುರಾಗಿದ್ದೆನೆಂದರೆ ರಿಕ್ಷಾದ ಸಾಲಿನಲ್ಲಿ ಮುಂದೆ ನುಗ್ಗಿದವನನ್ನೂ ಬೈಯಲಿಲ್ಲ. ಕಾಕೂ ಮನೆಯ ಬಾಗಿಲು ತೆರೆದ ಮಗಳು ಹೊರಗಿನ ಬಿಸಿಲನ್ನು ನೋಡಿದಳು, ಕೈಯಲ್ಲಿದ್ದ ಹೂಗುಚ್ಛವನ್ನು ನೋಡಿದಳು, ವಡೆಯ ಡಬ್ಬಿ ನೋಡಿದಳು. ಅವಳ ಮುಖ ಬಾಡಿತು.

"ಮಮ್ಮಿ, ನೌಕರಿ ಗಯೀ ಕ್ಯಾ?"

ಹಿಂದಿನಿಂದ ಕಾಕೂ ಓಡಿ ಬಂದು ನನ್ನನ್ನು ಕೂರಿಸಿ, ನೀರು ಕೊಟ್ಟು, ಬೆನ್ನು ಸವರುತ್ತಾ, ಈ ಕೆಲಸ ಹೋದರೆ ಇನ್ನೊಂದು ಸಿಗುತ್ತದೆ, ಧೈರ್ಯ ಬಿಡಬೇಡ ಎಂದು ಮರಾಠಿಯಲ್ಲಿ ಸಮಾಧಾನ ಹೇಳತೊಡಗಿದರು. ನನಗೆ ನಗು ಬಂತು. ನಿಲ್ಲಿಸಲು ನೋಡಿದಷ್ಟೂ ಜೋರಾಯಿತು. ಕಾಕೂ ಗಾಬರಿಯಾಗಿ ಮಗಳಿಗೆ ಪಿಸುಗುಟ್ಟಿದರು, "ಪಪ್ಪಾಲಾ ಫೋನ್ ಲಾವ್."

ಮಗಳು ಅಪ್ಪನಿಗೆ ಫೋನ್ ಮಾಡಲಿಲ್ಲ. ನನಗೆ ಒತ್ತಿ ಕೂತು ಡಬ್ಬಿ ತೆರೆದು ಒಂದು ವಡೆ ತಿಂದಳು. ನಾನು ಕನ್ನಡದಲ್ಲಿ ಏನು ಕೇಳಿದರೂ ಹಿಂದಿಯಲ್ಲೇ ಉತ್ತರಿಸುವ ನನ್ನ ಮಗಳು ಆ ಸಂಜೆ, ಅಜ್ಜಿಯಿಂದ ಯಾವಾಗ ಕಲಿತಿದ್ದಳೋ, ಚೊಕ್ಕ ಕನ್ನಡದಲ್ಲಿ ಹೇಳಿದಳು: "ಹೋದ್ರೆ ಹೋಗ್ಲಿ ಮಮ್ಮಿ. ಇನ್ನು ಯಾವತ್ತೂ ಹೋಗ್ಬೇಡ."