ಹದಿನೆಂಟು ಪೊಟ್ಟಣ, ಒಂದು ಸೀಟು

ಹೊಳಲ್ಕೆರೆಯ ಕನ್ನಡಕದಂಗಡಿ ಶಿವಕುಮಾರಪ್ಪ ಮಗಳ ಅರ್ಜಿಯಲ್ಲಿ ಒಂದು ಪುಟ್ಟ ಚೌಕದೊಳಗೆ ಟಿಕ್ ಹಾಕಿದ್ದ. ಚೌಕದ ಪಕ್ಕದಲ್ಲಿ ‘ಕೃಷಿಕರ ಕೋಟಾ’ ಎಂದಿತ್ತು. ಎಲ್ಲ ತಾಪತ್ರಯಕ್ಕೂ ಬೀಜ ಬಿದ್ದದ್ದು ಅಲ್ಲೇ.

ಮಗಳು ಪಲ್ಲವಿಗೆ ಬಿ.ಎಸ್ಸಿ. ಕೃಷಿ ಓದುವ ಆಸೆ. ಪಿಯುಸಿಯಲ್ಲಿ ಅಂಕಗಳೇನೋ ಚೆನ್ನಾಗಿಯೇ ಬಂದಿದ್ದವು. ಆದರೆ ಚೆನ್ನಾಗಿ ಬಂದವರ ಸಾಲು ರೇಷನ್ ಅಂಗಡಿಯ ಸಾಲಿಗಿಂತ ಉದ್ದವಿತ್ತು. ಬಿ.ದುರ್ಗದಲ್ಲಿ ಶಿವಕುಮಾರಪ್ಪನ ಹೆಸರಿಗೆ ಎರಡೆಕರೆ ಹೊಲವಿತ್ತು, ಪಹಣಿಯಿತ್ತು. ಇಲ್ಲದ್ದು ಬೇಸಾಯದ ಗಂಧ ಮಾತ್ರ. ಹೊಲ ಮಾಡುತ್ತಿದ್ದವನು ಕರಿಯಣ್ಣ. ಬೆಳೆದ ಮೆಕ್ಕೆಜೋಳದಲ್ಲಿ ಅರ್ಧ ಅವನಿಗೆ, ಅರ್ಧ ಇವನಿಗೆ. ಶಿವಕುಮಾರಪ್ಪ ಆ ಹೊಲಕ್ಕೆ ಕಾಲಿಟ್ಟದ್ದು ಒಮ್ಮೆ, ಮದುವೆಯ ವರ್ಷ, ಹೆಂಡತಿ ಸರ್ವಮಂಗಳಳ ಜೊತೆ ಫೋಟೋ ತೆಗೆಸಿಕೊಳ್ಳಲು. ತಾಲ್ಲೂಕಿಗೆಲ್ಲ ಕಣ್ಣು ಕಾಣಿಸುವವನಿಗೆ ರಾಗಿ ಯಾವುದು, ಸಾಸಿವೆ ಯಾವುದು ಎಂಬುದು ಮಾತ್ರ ಕಾಣುತ್ತಿರಲಿಲ್ಲ.

ಆ ಕೋಟಾಕ್ಕೆ ಬರೀ ಪಹಣಿ ಸಾಲದು. ಮೇಜಿನ ಮೇಲಿಟ್ಟ ಬೀಜಗಳನ್ನು, ಸಲಕರಣೆಗಳನ್ನು ನೋಡಿ ಇದು ಇಂಥದ್ದೆಂದು ಹುಡುಗರು ಗುರುತಿಸಬೇಕು, ಕೇಳಿದ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಬೇಕು. ಆ ಪರೀಕ್ಷೆ ಇವತ್ತು, ಹಿರಿಯೂರಿನಲ್ಲಿ, ಹನ್ನೆರಡು ಗಂಟೆಗೆ.

ಬೆಳಗಿನ ಆರಕ್ಕೇ ಪಕ್ಕದ ಮನೆಯ ಗೋವಿಂದಪ್ಪ ಹಾಜರಾದರು. ಕೃಷಿ ಇಲಾಖೆಯಲ್ಲಿ ಮೂವತ್ತು ವರ್ಷ ಟೈಪಿಸ್ಟ್ ಆಗಿದ್ದವರು. ನೇಗಿಲು ಹಿಡಿದವರಲ್ಲ, ಆದರೆ ನೇಗಿಲಿನ ಬಗ್ಗೆ ಮೂರು ಪ್ರತಿ ಕಾರ್ಬನ್ ಹಾಕಿ ಟೈಪು ಮಾಡಿದವರು. ಬೀದಿಯ ಯಾವ ಹುಡುಗನಿಗೆ ಯಾವ ಕಾಲೇಜಿನಲ್ಲಿ ಎಷ್ಟು ಚಾನ್ಸು ಎಂದು ಪರ್ಸೆಂಟಿನಲ್ಲಿ ಹೇಳುವುದು ಅವರ ನಿವೃತ್ತ ಜೀವನದ ಉದ್ಯೋಗ. ನಾಡಿ ಹಿಡಿದ ಪಂಡಿತರ ಹಾಗೆ ಕಣ್ಣು ಮುಚ್ಚಿ, ಜೇಬಿನಿಂದ ಚೀಟಿ ತೆಗೆದು ಲೆಕ್ಕ ಹಾಕಿದರು.

“ಈಗಿನ ಮಟ್ಟಿಗೆ ನಲವತ್ತೆರಡು ಪರ್ಸೆಂಟ್ ಐತೆ.”

“ಅಂಕ ಇಷ್ಟೊಂದು ಬಂದಾವಲ್ರೀ,” ಎಂದ ಶಿವಕುಮಾರಪ್ಪ.

“ಅಂಕ ಹುಡುಗೀವು. ಕೋಟಾ ನಿಮ್ದು. ತಂದೆಗೆ ಬೇಸಾಯ ಗೊತ್ತೈತಾ? ಇಲ್ಲ. ಮೈನಸ್ ಇಪ್ಪತ್ತು.”

“ಅಪ್ಪಾಜಿ, ನಂಗೆ—” ಎಂದಳು ಪಲ್ಲವಿ.

“ನೀನು ಸುಮ್ನಿರು ಪುಟ್ಟಿ, ಟೆನ್ಷನ್ ಮಾಡ್ಕಬೇಡ,” ಎಂದು ಶಿವಕುಮಾರಪ್ಪ ಬೆವರು ಒರೆಸಿಕೊಂಡ.

ಅಷ್ಟರಲ್ಲಿ ಅವನು ಹೇಳಿಕಳಿಸಿದ್ದಂತೆ ಕರಿಯಣ್ಣ ಮತ್ತು ಅವನ ಹೆಂಡತಿ ಏಕಾಂತಮ್ಮ ಬಂದರು. ಏಕಾಂತಮ್ಮನ ಮಡಿಲಲ್ಲಿ ಅವಳು ವರ್ಷವರ್ಷ ಕೂಡಿಟ್ಟ ಹದಿನೆಂಟು ಬಗೆಯ ಬಿತ್ತನೆ ಬೀಜದ ಗಂಟುಗಳು. ಕರಿಯಣ್ಣನ ಹೆಗಲ ಮೇಲೆ ಮರದ್ದೊಂದು ಸಾಮಾನು, ನಡುವೆ ಬಟ್ಟಲು, ಬಟ್ಟಲಿಂದ ಕೆಳಗಿಳಿದ ಕೊಳವೆಗಳು.

“ಇದೇನೋ ಕರಿಯಣ್ಣ, ಸೀಮೆಎಣ್ಣೆ ಲಾಳಿಕೆ ಮನೆಮಂದಿನೆಲ್ಲ ಕರ್ಕೊಂಡು ಬಂದಂಗೈತೆ?”

“ಕೂರಿಗೆ ಸಾವ್ಕಾರ್ರೆ. ಬೀಜ ಬಿತ್ತಾದು. ನಿಮ್ದೇ. ನಿಮ್ಮಪ್ಪಾರು ಮಾಡ್ಸಿದ್ದು.”

ಗೋವಿಂದಪ್ಪ ಚೀಟಿಯಲ್ಲಿ ಇನ್ನೈದು ಕಳೆದರು.

ಶಿವಕುಮಾರಪ್ಪ ಹದಿನೆಂಟು ಪೊಟ್ಟಣ ಕಟ್ಟಿ ಒಂದೊಂದರ ಮೇಲೂ ಸ್ಕೆಚ್ ಪೆನ್ನಿನಲ್ಲಿ ಹೆಸರು ಬರೆದ. ನವಣೆ, ಸಾವೆ, ಹಾರಕ, ಕೊರಲೆ, ಹುಚ್ಚೆಳ್ಳು, ಅಲಸಂದೆ... ದಾರಿಯುದ್ದಕ್ಕೂ ಓದಿಸಿಕೊಂಡು ಹೋಗುವುದು ಅವನ ಯೋಜನೆ. ಮುಟ್ಟಿ ನೋಡಿದ್ದು ಮರೆಯುವುದಿಲ್ಲ ಎಂದು ಕರಿಯಣ್ಣ ಅಂದದ್ದಕ್ಕೆ ಕೂರಿಗೆಯನ್ನೂ ಬಾಡಿಗೆ ಓಮ್ನಿಯ ನೆತ್ತಿಯ ಮೇಲೆ ಕಟ್ಟಿಸಿದ. ಬಾಡಿಗೆ ಒಬ್ಬರಿಗಾದರೂ ಅಷ್ಟೇ, ಐವರಿಗಾದರೂ ಅಷ್ಟೇ ಎಂಬ ನ್ಯಾಯದಿಂದ ಎಲ್ಲರೂ ಹತ್ತಿದರು. ಸರ್ವಮಂಗಳ ಬಾಗಿಲಲ್ಲಿ ನಿಂತು, “ಪರೀಕ್ಷೆ ಅವಳಿಗೆ, ದಿಬ್ಬಣ ನಿಮ್ದು,” ಎಂದಳು.

ಚಿತ್ರದುರ್ಗ ದಾಟುವ ಹೊತ್ತಿಗೆ ಗೋವಿಂದಪ್ಪ ಹೊಸ ಬಾಂಬು ಹಾಕಿದರು.

“ಬಾಯಿ ಪರೀಕ್ಷೇಲಿ ‘ನಿಮ್ಮ ಹೊಲ್ದಾಗೆ ಏನು ಬೆಳಿತೀರಾ’ ಅಂತ ಕೇಳೇ ಕೇಳ್ತಾರೆ. ಬರೀ ಮೆಕ್ಕೆಜೋಳ ಅಂದ್ಲೋ, ಹತ್ತು ಪರ್ಸೆಂಟ್ ಢಮಾರ್.”

ಶಿವಕುಮಾರಪ್ಪ ಮಗಳ ಕಡೆ ತಿರುಗಿದ. “ಪುಟ್ಟಿ, ಈ ಹದಿನೆಂಟೂ ಬೆಳಿತೀವಿ ಅನ್ನು. ನಮ್ಮಪ್ಪಾಜಿನೇ ನಿಂತು ಬಿತ್ತಾರೆ ಅನ್ನು. ಒಂದೂ ಬಿಡಬೇಡ.”

“ಸುಳ್ಳಾಗಲ್ವಾ ಅಪ್ಪಾಜಿ? ಅದೂ ಅಲ್ದೆ ನಂಗೆ—”

“ಬಿತ್ತಿದ್ರೆ ಬೆಳಿತವಲ್ಲ? ಅಂದ್ಮೇಲೆ ಅರ್ಧ ನಿಜ. ಇನ್ನರ್ಧ ಅವರು ಬಂದು ನೋಡ್ತಾರಾ?”

ಈ ತತ್ತ್ವಕ್ಕೆ ಉತ್ತರವೆಂಬಂತೆ ರಸ್ತೆಯುಬ್ಬೊಂದು ಬಂತು. ಓಮ್ನಿ ಕುಪ್ಪಳಿಸಿತು. ಏಕಾಂತಮ್ಮನ ಕಾಲಬಳಿಯಿದ್ದ ನೀರಿನ ಕ್ಯಾನಿನ ಮುಚ್ಚಳ ಹಾರಿ, ಹತ್ತು ಲೀಟರ್ ನೀರು ನೇರವಾಗಿ ಪೊಟ್ಟಣಗಳ ಚೀಲದೊಳಕ್ಕೆ ಇಳಿಯಿತು. ಕಾಗದ ಕರಗಿತು, ಸ್ಕೆಚ್ ಪೆನ್ನಿನ ಹಸಿರು, ಕೆಂಪು ಹರಿದಾಡಿದವು. ಚೀಲ ತೆರೆದರೆ ಹದಿನೆಂಟು ಜಾತಿಗಳು ಜಾತಿಭೇದ ಬಿಟ್ಟು ಒಂದಾಗಿದ್ದವು.

ಶಿವಕುಮಾರಪ್ಪ ಅಂಗಡಿಯ ಭೂತಗನ್ನಡಿ ತೆಗೆದ. ಗಾಡಿ ನಿಲ್ಲಿಸಿ, ಪಂಚೆಯ ಮಡಿಲಲ್ಲಿ ಒದ್ದೆ ರಾಶಿ ಸುರಿದುಕೊಂಡು ಆರಿಸಲು ಕೂತ. ಅರ್ಧ ಗಂಟೆಯಲ್ಲಿ ಎಂಟು ಕಾಳು ಬೇರೆಯಾದವು.

“ಇದು ನವಣೆ.”

“ಸಾವೆ ಅದು ಸಾವ್ಕಾರ್ರೆ.”

“ಹಂಗಾದ್ರೆ ಇದು ಸಾವೆ.”

“ಅದು ಕಲ್ಲು,” ಎಂದಳು ಏಕಾಂತಮ್ಮ.

ಗೋವಿಂದಪ್ಪ ಚೀಟಿ ನೋಡಿ ನಿಟ್ಟುಸಿರುಬಿಟ್ಟರು. “ಹನ್ನೊಂದು ಪರ್ಸೆಂಟ್. ಅದೂ ದೇವರು ಮನಸ್ಸು ಮಾಡಿದ್ರೆ. ನಡೀರಿ, ಹೋಗಾಣ.”

ಹನ್ನೆರಡಕ್ಕೆ ಇನ್ನೈದು ನಿಮಿಷವಿರುವಾಗ ಪಲ್ಲವಿ ಒಳಗೆ ಓಡಿದಳು. ಉಳಿದವರು ಗೇಟಿನ ಹೊರಗೆ ಬೇವಿನ ಮರದಡಿ ಕೂತರು. ಶಿವಕುಮಾರಪ್ಪನ ಮುಖ ನಂಬರು ಹೆಚ್ಚಾದ ಕನ್ನಡಕ ಹಾಕಿಕೊಂಡವನ ಹಾಗಾಗಿತ್ತು. ಮಗಳು ಮೂರನೇ ಕ್ಲಾಸಿನಿಂದ ಕೇಳಿದ್ದು ಇದೊಂದೇ ಓದು. ತಾನು ಹಾಕಿದ ಟಿಕ್ಕಿಗೆ ತಾನೇ ಅಡ್ಡಗೆರೆ ಎಳೆದೆನಲ್ಲ ಎಂದು ಒದ್ದೆ ರಾಶಿಯನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದ.

ಎರಡು ಗಂಟೆಗೆ ಪಲ್ಲವಿ ಬಂದಳು. ಅವಳ ಹಿಂದೆಯೇ ಬಿಳಿ ಗಡ್ಡದ ಪ್ರೊಫೆಸರೊಬ್ಬರು. ಶಿವಕುಮಾರಪ್ಪ ಎದ್ದು ನಿಂತ, ಮಡಿಲು ಹಿಡಿದುಕೊಂಡೇ.

“ಶಿವಕುಮಾರಪ್ಪ ಅಂದ್ರೆ ನೀವೇ ಏನ್ರಿ?”

“ಹೌದು ಸಾರ್. ತಪ್ಪು ನಂದೇ. ಹುಡುಗಿದೇನಿಲ್ಲ.”

“ತಪ್ಪೆಲ್ಲಿ ಬಂತು? ಮಾರ್ಕ್ಸು ನಾನು ಹೇಳೋ ಹಾಗಿಲ್ಲ. ಆದರೆ ನಿಮ್ಮ ಮಗಳಿಗೆ ಗೊತ್ತಿಲ್ಲದ ಬೀಜ ಇನ್ನೂ ಭೂಮಿಗೆ ಬಿದ್ದಿಲ್ಲ ಬಿಡಿ.”

ಶಿವಕುಮಾರಪ್ಪ ಮಗಳನ್ನು ನೋಡಿದ. “ಬೆಳಿಗ್ಗೆಯಿಂದ ಅದನ್ನೇ ಹೇಳಾಕೆ ಬರ್ತಿದ್ದೆ,” ಎಂದಳು ಪಲ್ಲವಿ. “ಆರು ವರ್ಷದಿಂದ ಪ್ರತಿ ಭಾನುವಾರ ಏಕಾಂತಕ್ಕನ ಜತೆ ಹೊಲಕ್ಕೆ ಹೋಗ್ತಿದ್ದೆ. ನೀವು ಟ್ಯೂಷನ್ ಅಂದ್ಕಂಡಿದ್ರಿ. ಅಮ್ಮಂಗೆ ಗೊತ್ತು.”

ಏಕಾಂತಮ್ಮ ಬೇವಿನ ಮರದ ಎಲೆಗಳನ್ನು ಎಣಿಸತೊಡಗಿದಳು.

ಪ್ರೊಫೆಸರು ಓಮ್ನಿಯ ಮೇಲಿನ ಕೂರಿಗೆ ನೋಡಿದರು. ಮಡಿಲಿನೊಳಗೆ ಕೈಯಿಟ್ಟು ಬೀಜ ಮುಟ್ಟಿದರು. ಅವರ ಕಣ್ಣು ತುಂಬಿ ಬಂತು.

“ಎರಡೆಕರೇಲಿ ಹದಿನೆಂಟು ಬೆಳೆ ಅಂತ ನಿಮ್ಮ ಮಗಳು ಹೇಳಿದಾಗ ನಾನು ನಂಬಲಿಲ್ಲ. ಈಗ ನಂಬಿದೆ. ಬೀಜ ಬೆರೆಸಿ, ನೆನೆಸಿ, ಕೂರಿಗೆ ಸಮೇತ ಬಿತ್ತನೆಗೆ ಹೊರಟೋರು ಮಗಳ ಪರೀಕ್ಷೆಗೆ ಅಂತ ದಾರೀಲಿ ನಿಂತಿದೀರಲ್ಲ. ಇಂಥ ಮಿಶ್ರಬೆಳೆ ಮಾಡೋರು ಈಗ ಯಾರಿದಾರೆ? ಐದು ವಾರ ಬಿಟ್ಟು ನಮ್ಮ ನಲವತ್ತು ವಿದ್ಯಾರ್ಥಿಗಳನ್ನ ನಿಮ್ಮ ಹೊಲಕ್ಕೆ ಕರ್ಕೊಂಡು ಬರ್ತೀನಿ. ಬೆಳೆ ಮುಂದೆ ನಿಂತು ನೀವೇ ಪಾಠ ಹೇಳ್ಬೇಕು. ಇಲ್ಲ ಅನ್ನಬಾರದು.”

ಮಗಳ ಸೀಟು ಇನ್ನೂ ಅವರ ಕೈಯಲ್ಲಿರುವಾಗ ಇಲ್ಲ ಎನ್ನಲು ಯಾವ ತಂದೆಗೆ ಬಾಯಿ ಬರುತ್ತದೆ? ಶಿವಕುಮಾರಪ್ಪ ಕೈಮುಗಿಯಲು ಹೋದ. ಕೈಬಿಟ್ಟರೆ ಬೀಜ ಚೆಲ್ಲುತ್ತದೆಂದು, ಹೂಂ ಎಂಬಂತೆ ತಲೆಯಾಡಿಸಿದ.

ಗಾಡಿ ಹೊರಟಿತು. ಕರಿಯಣ್ಣ ಹೆಂಡತಿಯ ತವರಾದ ಜವನಗೊಂಡನಹಳ್ಳಿಗೆ ಫೋನು ಮಾಡಿ, ಅಲ್ಲಿಂದ ಬರಬೇಕಿದ್ದ ಮೆಕ್ಕೆಜೋಳದ ಬೀಜ ಈ ಸಲ ಬೇಡವೆಂದ. ಏಕಾಂತಮ್ಮ ಮಡಿಲಿನ ರಾಶಿ ಮುಟ್ಟಿ ನೋಡಿ ತೀರ್ಪು ಕೊಟ್ಟಳು.

“ನೆಂದ ಬೀಜ ನಾಳೆಗೆ ಇಡಂಗಿಲ್ಲ. ಹೊತ್ತು ಮುಳುಗಾದ್ರಾಗೆ ಮಣ್ಣಿಗೆ ಬೀಳ್ಬೇಕು.”

ಹೊಳಲ್ಕೆರೆಯಲ್ಲಿ ಗಾಡಿ ನಿಲ್ಲಲಿಲ್ಲ. ಬಾಗಿಲಲ್ಲಿ ನಿಂತಿದ್ದ ಸರ್ವಮಂಗಳಳಿಗೆ ಕಿಟಕಿಯಲ್ಲಿ ಗಂಡನ ಮುಖ ಒಂದು ಕ್ಷಣ ಕಂಡು, ಧೂಳಿನಲ್ಲಿ ಕರಗಿತು.

ಐದೂವರೆಗೆ ಬಿ.ದುರ್ಗದ ಎರಡೆಕರೆಯಲ್ಲಿ ಶಿವಕುಮಾರಪ್ಪ ಪಂಚೆ ಎತ್ತಿ ಕಟ್ಟಿ, ಕೂರಿಗೆ ಹಿಡಿದು ಬರಿಗಾಲಲ್ಲಿ ನಿಂತಿದ್ದ. ಮುಂದೆ ಕರಿಯಣ್ಣನ ಎತ್ತುಗಳು ತಿರುಗಿ ತಿರುಗಿ ಅವನನ್ನೇ ನೋಡುತ್ತಿದ್ದವು. ಪಲ್ಲವಿ ಬದುವಿನ ಮೇಲೆ ಕೂತು, ಪುಸ್ತಕವಿಲ್ಲದೆಯೇ ಪಾಠ ಶುರುಮಾಡಿದ್ದಳು. “ಹೇಳ್ರಿ ಅಪ್ಪಾಜಿ, ಹಾರಕ ಎಷ್ಟು ದಿನದ ಬೆಳೆ?”

ಗೋವಿಂದಪ್ಪ ಕಲ್ಲಿನ ಮೇಲೆ ಕೂತು ಹೊಸ ಚೀಟಿ ತೆಗೆದಿದ್ದರು.

“ಪುಟ್ಟೀದು ತೊಂಬತ್ತೆಂಟಕ್ಕೆ ಏರಿಸಿದೀನಿ,” ಎಂದರು.

“ನಂದು?” ಎಂದ ಶಿವಕುಮಾರಪ್ಪ.

ಗೋವಿಂದಪ್ಪ ಕನ್ನಡಕ ಸರಿಮಾಡಿಕೊಂಡು, ಅವನನ್ನು ತಲೆಯಿಂದ ಕಾಲಿನವರೆಗೂ ನೋಡಿದರು.

“ಲೆಕ್ಕ ಆಮೇಲೆ ಹಾಕಾಣ. ಮೊದ್ಲು ಆ ಕೂರಿಗೆ ತಿರುಗಿಸಿ ಹಿಡ್ಕಳ್ರಿ. ಹಿಂದುಮುಂದಾಗೈತೆ.”